ತಾಯಲೂರಿನ ಸೀಮೆಯೂ ಅಮೆರಿಕಾದ ಹಳೆಯ ಮೋಟಾರುಗಳೂ

ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹಳೆಯ ಹೆದ್ದಾರಿಯು ಹೊಸಕೋಟೆ, ಕೋಲಾರಗಳನ್ನು ದಾಟಿ ಪೂರ್ವಾಭಿಮುಖವಾಗಿ ನಡೆದು ಮುಳಬಾಗಿಲನ್ನು ಮುಟ್ಟುತ್ತದೆ. ‘ಮೂಡಲ ಬಾಗಿಲು’ ಎಂಬುದೇ ಬಾಯಿಂದ ಬಾಯಿಗೆ ಸವೆದು ಮುಳಬಾಗಿಲಾಯಿತೆಂದು ತಿಳಿದವರು ಹೇಳುತ್ತಾರೆ. ಮೈಸೂರು ಸೀಮೆಗೆ ಪೂರ್ವದಿಕ್ಕಿನ ಹೆಬ್ಬಾಗಿಲಾಗಿದ್ದ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಮತ್ತೊಂದಿರಲಾರದು. ಇಲ್ಲಿಗೆ ಬರುವ ಯಾತ್ರಿಕರು ಆಂಜನೇಯನ ಗುಡಿಗೆ ಹೋಗುತ್ತಾರೆ. ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನಕ್ಕೆ ನಮಸ್ಕರಿಸುತ್ತಾರೆ. ಕುರುಡುಮಲೆಯ ಗಣಪತಿಯನ್ನು ಕಂಡು ಬೆರಗಾಗುತ್ತಾರೆ. ಮಂಡಿ ಗಟ್ಟಿಯಾಗಿದ್ದರೆ ಆವಣಿಯ ಬೆಟ್ಟವನ್ನೂ ಹತ್ತುತ್ತಾರೆ. ಡಿ.ವಿ.ಗುಂಡಪ್ಪನವರು ೧೮೮೭ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ ಎಂಬುದನ್ನು ಬಲ್ಲವರು ಒಂದು ಗಳಿಗೆ ಅದನ್ನೂ ನೆನೆಯುತ್ತಾರೆ. ಆದರೆ ಹೆದ್ದಾರಿಯನ್ನು ಬಿಟ್ಟು ಒಳಕ್ಕೆ ತಿರುಗಿ, ಅದೇ ತಾಲ್ಲೂಕಿನ ತಾಯಲೂರು ಹೋಬಳಿಯ ಹಳ್ಳಿಗಳಿಗೆ ಬರುವವರು ವಿರಳ. ಬರತಕ್ಕ ಕಾರಣವೇನಿದೆ ಎಂದು ಕೇಳುವವರಿಗೆ ಈ ಲೇಖನದಲ್ಲಿ ಒಂದು ಕಾರಣವನ್ನು ಹೇಳಬೇಕೆಂದಿದ್ದೇನೆ.

ಈ ಸೀಮೆಯ ರೂಪವನ್ನು ಮೊದಲು ಎರಡು ಮಾತಿನಲ್ಲಿ ಹೇಳುತ್ತೇನೆ. ಯಾರೋ ರಾಶಿ ಹಾಕಿ ಮರೆತುಹೋದಂತೆ ನಿಂತ ಕರಿಯ ಬಂಡೆಗಳ ಗುಡ್ಡಗಳು. ಅವುಗಳ ಬುಡದಲ್ಲಿ ಹಿಂದಿನವರು ಕಟ್ಟಿಸಿದ ಕೆರೆಗಳು. ಕೆರೆಯ ಹಿಂದೆ ರಾಗಿಯ ಹೊಲ, ಹಿಪ್ಪುನೇರಳೆ, ತೊಮೇಟೊ ತೋಟ. ದಾರಿಯ ಎರಡು ಮಗ್ಗುಲಿಗೂ ಅಲ್ಲಲ್ಲಿ ಉಳಿದಿರುವ ಹುಣಿಸೆಯ ಮರಗಳು. ವರ್ಷದ ಹನ್ನೆರಡು ತಿಂಗಳೂ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರು ನದಿಯ ಹೆಸರು ದೊಡ್ಡದು; ಆದರೆ ಅದರ ನೀರನ್ನು ಕಾಣಬೇಕಾದರೆ ಮಳೆಗಾಲ ಚೆನ್ನಾಗಿ ಆಗಿರಬೇಕು. ಒಂದು ಕಡೆಗೆ ಬೇತಮಂಗಲವೂ ಅದರಾಚೆಗೆ ಚಿನ್ನದ ಗಣಿಯ ಊರೂ, ಇನ್ನೊಂದು ಕಡೆಗೆ ಆಂಧ್ರದ ಗಡಿಯೂ ಇರುವುದರಿಂದ, ಇಲ್ಲಿಯ ಜನರು ಮನೆಯಲ್ಲಿ ಒಂದು ಭಾಷೆಯನ್ನೂ ಸಂತೆಯಲ್ಲಿ ಇನ್ನೊಂದನ್ನೂ ಆಡುತ್ತಾರೆ. ಜಗಳವಾಡುವಾಗ ಎರಡನ್ನೂ ಕೂಡಿಸುತ್ತಾರೆ.

ಇಂತಹ ಒಣಸೀಮೆಗೂ, ಏಳು ಸಮುದ್ರಗಳಾಚೆಯ ಅಮೆರಿಕಾ ದೇಶದ ಮೋಟಾರು ಬಂಡಿಗಳಿಗೂ ಎತ್ತಣ ಸಂಬಂಧವೆಂದು ವಾಚಕರಿಗೆ ತೋರಬಹುದು. ಸಂಬಂಧವನ್ನು ಕಲ್ಪಿಸಿದ್ದು ಮೇಲೆ ಹೇಳಿದ ರಸ್ತೆ. ಮದರಾಸಿನ ಬಂದರಿನಲ್ಲಿ ಇಳಿದ ವಸ್ತುವು ಮೈಸೂರು ಸೀಮೆಗೆ ಬರಲು ಈ ಬಾಗಿಲು ಒಂದು ಸಹಜವಾದ ದಾರಿ. ಅಮೆರಿಕಾದ ಯಂತ್ರಗಳಿಗೂ ನಮ್ಮ ಜಿಲ್ಲೆಗೂ ಪರಿಚಯವಾದದ್ದು ಮೋಟಾರಿಗಿಂತ ಮುಂಚೆಯೇ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒಯ್ದಾಗ, ಆ ಕೆಲಸಕ್ಕೆ ಬೇಕಾದ ವಿದ್ಯುದ್ಯಂತ್ರಗಳನ್ನು ಒದಗಿಸಿದ್ದು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪೆನಿ. ಅದಾದ ಮೇಲೆ ಕಾಲು ಶತಮಾನದೊಳಗೆ ಆ ದೇಶದ ಬಂಡಿಗಳೂ ಬಂದವು.

ಹೆನ್ರಿ ಫೋರ್ಡನು ‘ಮಾಡೆಲ್ ಟಿ’ ಎಂಬ ಬಂಡಿಯನ್ನು ೧೯೦೮ರಲ್ಲಿ ಹೊರತಂದು, ೧೯೨೭ರವರೆಗೆ ಒಂದೂವರೆ ಕೋಟಿಗೂ ಮೇಲ್ಪಟ್ಟು ತಯಾರಿಸಿದನು. ಶ್ರೀಮಂತರ ವಿಲಾಸವಾಗಿದ್ದ ಮೋಟಾರು ರೈತನ ಮನೆಗೂ ಬಂದದ್ದು ಆಗ. ಆ ಬಂಡಿಯಲ್ಲಿ ಪೆಟ್ರೋಲಿನ ತೊಟ್ಟಿಯು ಆಸನದ ಕೆಳಗಿದ್ದು, ಎಣ್ಣೆಯು ತನ್ನ ಭಾರದಿಂದಲೇ ಯಂತ್ರಕ್ಕೆ ಇಳಿಯಬೇಕಾಗಿತ್ತು. ಕಡಿದಾದ ಏರನ್ನು ಹತ್ತುವಾಗ ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆಯಿದ್ದರೆ ಯಂತ್ರಕ್ಕೆ ತಲುಪುತ್ತಿರಲಿಲ್ಲ. ಆಗ ಸಾರಥಿಯು ಬಂಡಿಯನ್ನು ಹಿಂದುಮುಂದಾಗಿ ತಿರುಗಿಸಿ, ಬೆನ್ನು ಮುಂದಾಗಿ ಬೆಟ್ಟವನ್ನು ಹತ್ತಿಸುತ್ತಿದ್ದನಂತೆ! ಫೋರ್ಡ್ ಕಂಪೆನಿಯು ೧೯೨೬ರಲ್ಲಿ ಇಂಡಿಯಾದಲ್ಲಿ ತನ್ನ ಶಾಖೆಯನ್ನು ಸ್ಥಾಪಿಸಿತು. ಜನರಲ್ ಮೋಟಾರ್ಸ್ ಕಂಪೆನಿಯು ೧೯೨೮ರಿಂದ ಮುಂಬಯಿಯಲ್ಲಿ ಷೆವರ್ಲೆ ಬಂಡಿಗಳನ್ನು ಜೋಡಿಸಲಾರಂಭಿಸಿತು. ೧೯೨೯ರ ಷೆವರ್ಲೆಗೆ ನಾಲ್ಕರ ಬೆಲೆಯಲ್ಲಿಯೇ ಆರು ಸಿಲಿಂಡರುಗಳನ್ನು ಕೊಟ್ಟುದರಿಂದ ಅದರ ಕೀರ್ತಿ ಎಲ್ಲ ಕಡೆಗೂ ಹಬ್ಬಿತು. ಬಂಡಿಯ ಕೆಳಗಟ್ಟನ್ನು ಮಾತ್ರ ತರಿಸಿ, ಮೇಲೆ ನಮ್ಮ ಬಡಗಿಗಳಿಂದ ಮರದ ಗೂಡನ್ನು ಕಟ್ಟಿಸಿ, ಬಸ್ಸೆಂದು ಹೆಸರಿಟ್ಟು ಓಡಿಸಿದ ಸಾಹಸಿಗಳು ನಮ್ಮ ಸೀಮೆಯಲ್ಲಿಯೂ ಇದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವ ಬಂದಾಗ ಅವೇ ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಯಂತ್ರವನ್ನು ನಡೆಸಿದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರಿಂದ ಕೇಳಿದವರು ಈಗಲೂ ಇದ್ದಾರೆ. ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವು ೧೨೦ ಬಸ್ಸುಗಳೊಡನೆ ತಾನೇ ಸಾರಿಗೆಯನ್ನು ನಡೆಸಲು ಹೊರಡುವವರೆಗೆ ಇದೇ ನಮ್ಮ ಸಂಚಾರ ಸೌಕರ್ಯವಾಗಿತ್ತು.

ಈ ಪ್ರಸಂಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸದಿರುವುದು ಕೃತಘ್ನತೆಯಾದೀತು. ಅವರ ಜನ್ಮಸ್ಥಳವಾದ ಮುದ್ದೇನಹಳ್ಳಿಯು ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಎಪ್ಪತ್ತರ ಹರೆಯವನ್ನು ದಾಟಿದ ಮೇಲೆ, ೧೯೩೫ರಲ್ಲಿ, ಆ ಮಹನೀಯರು ಯುರೋಪು ಅಮೆರಿಕಾಗಳನ್ನು ಸುತ್ತಿ, ಡೆಟ್ರಾಯಿಟ್ ನಗರದ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಪರದೇಶದ ಬಂಡಿಗಳನ್ನು ಕೊಂಡು ಏರುವುದಲ್ಲ, ನಾವೇ ಮಾಡಬೇಕೆಂಬುದು ಅವರ ಹಟ. ಅವರ ಯೋಜನೆಯು ಆಗಿನ ಆಳರಸರ ಔದಾಸೀನ್ಯದಿಂದ ಬೆಂಗಳೂರಿನಲ್ಲಿ ಫಲಿಸಲಿಲ್ಲ. ಅದೇ ಆಸೆಯನ್ನು ಹೊತ್ತಿದ್ದ ವಾಲಚಂದ್ ಹೀರಾಚಂದರು ಬೆಂಗಳೂರಿಗೆ ೧೯೪೦ರಲ್ಲಿ ವಿಮಾನದ ಕಾರ್ಖಾನೆಯನ್ನು ತಂದರು. ಮೋಟಾರಿನ ಕಾರ್ಖಾನೆಯನ್ನು ಪ್ರೀಮಿಯರ್ ಎಂಬ ಹೆಸರಿನಿಂದ ೧೯೪೪ರಲ್ಲಿ ಸ್ಥಾಪಿಸಿ ಮುಂಬಯಿಯ ಕುರ್ಲಾದಲ್ಲಿ ನಡೆಸಿದರು. ಅಲ್ಲಿಂದ ೧೯೪೭ರಲ್ಲಿ ಹೊರಡಲಾರಂಭಿಸಿದವು ಅಮೆರಿಕಾದ ಕ್ರೈಸ್ಲರ್ ಕಂಪೆನಿಯ ಡಾಡ್ಜ್, ಡಿಸೋಟೊ, ಪ್ಲಿಮತ್ ಬಂಡಿಗಳು. ಬಿರ್ಲಾರವರ ಹಿಂದೂಸ್ಥಾನ್ ಮೋಟಾರ್ಸಿನವರು ಸ್ಟುಡಿಬೇಕರ್ ಬಂಡಿಗಳನ್ನು ಜೋಡಿಸಿದರು. ೧೯೫೩-೫೪ರ ಸುಮಾರಿಗೆ, ಇಲ್ಲಿಯೇ ತಯಾರಿಸಲೊಪ್ಪದೆ ಬರಿದೆ ಜೋಡಿಸುವವರಿಗೆ ಅವಕಾಶವಿಲ್ಲವೆಂದು ಸರ್ಕಾರವು ನಿಶ್ಚಯಿಸಲು, ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪೆನಿಗಳು ಅಂಗಡಿ ಕಟ್ಟಿದವು. ಅಂದಿನಿಂದ ನಮ್ಮ ದೇಶದಲ್ಲಿದ್ದ ಅಮೆರಿಕಾದ ಬಂಡಿಗಳು ತೌರುಮನೆ ಇಲ್ಲದ ಸೊಸೆಯರಂತಾದವು. ಮುರಿದ ಭಾಗಕ್ಕೆ ಬದಲು ಬರುವಂತಿಲ್ಲ. ಬೇಕಾದರೆ ಲೇತಿನ ಮೇಲೆ ಕಡೆದು ಮಾಡಿಕೊಳ್ಳಬೇಕು. ಹೀಗೆ ಕಡೆದು ಮಾಡಿಕೊಂಡ ವಿದ್ಯೆಯೇ ನಮ್ಮ ಮೇಸ್ತ್ರಿಗಳ ವಿದ್ಯೆ.

ಈಗ ಆ ಬಂಡಿಗಳ ಮೇಲೆ ಪ್ರೀತಿಯನ್ನಿಟ್ಟವರ ವಿಷಯ. ಅಮೆರಿಕಾದಲ್ಲಿಯೇ ೧೯೩೫ರಲ್ಲಿ ಹಳೆಯ ಮೋಟಾರುಗಳ ಅಭಿಮಾನಿಗಳು ಫಿಲಡೆಲ್ಫಿಯಾ ನಗರದಲ್ಲಿ ಸಂಘವೊಂದನ್ನು ಕಟ್ಟಿದರು. ೧೯೫೫ರಿಂದ ಹರ್ಷಿ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಅವರ ಜಾತ್ರೆಗೆ ಹಳೆಯ ಬಿಡಿಭಾಗಗಳನ್ನು ಹುಡುಕುವವರು ದೇಶದ ಮೂಲೆಮೂಲೆಗಳಿಂದಲೂ ಬಂದು ಸೇರುತ್ತಾರೆ. ಕ್ಯೂಬಾ ದ್ವೀಪದ ಹವಾನಾ ನಗರದಲ್ಲಿ ೧೯೫೯ರ ಕ್ರಾಂತಿಯ ತರುವಾಯ ಹೊಸ ಬಂಡಿಗಳು ಬಾರದೆಹೋದುದರಿಂದ, ಅದಕ್ಕೆ ಹಿಂದಿನ ಷೆವರ್ಲೆ, ಬ್ಯೂಕುಗಳೇ ಇಂದಿಗೂ ಬಾಡಿಗೆಗೆ ಓಡುತ್ತಿವೆ. ಅಲ್ಲಿ ಪ್ರೀತಿಗಿಂತ ಅಗತ್ಯವೇ ಹೆಚ್ಚು. ನಮ್ಮ ದೇಶದಲ್ಲಿ ದೆಹಲಿ ಕಲ್ಕತ್ತಗಳಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯವರು ೧೯೬೦ರ ದಶಕದಲ್ಲಿಯೇ ಹಳೆಯ ಬಂಡಿಗಳ ಮೆರವಣಿಗೆಯನ್ನು ಆರಂಭಿಸಿದರು. ಕರ್ನಾಟಕದ ಅಭಿಮಾನಿಗಳಿಗೆ ಬೆಂಗಳೂರಿನಲ್ಲಿ ಅವರದೇ ಕ್ಲಬ್ಬುಂಟು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಳ ದೊಡ್ಡದೊಂದು ಸಂಗ್ರಹವಿರುವುದನ್ನು ಯಾತ್ರಿಕರಾಗಿ ಹೋದವರು ಕಂಡಿರಬಹುದು. ಧರ್ಮಾಧಿಕಾರಿಗಳಾದ ವೀರೇಂದ್ರ ಹೆಗ್ಗಡೆಯವರ ಆಸ್ಥೆಯ ಫಲವಾಗಿ ೨೦೨೩ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಶ್ರೀರಂಗಪಟ್ಟಣದ ಸೀಮೆಯಲ್ಲಿ ‘ಪಯಣ’ ಎಂಬ ಮೋಟಾರುಗಳದೇ ಸಂಗ್ರಹಾಲಯವೂ ತೆರೆಯಿತು. ಮಕ್ಕಳನ್ನು ಕರೆದುಕೊಂಡು ಒಮ್ಮೆ ನೋಡತಕ್ಕ ಸ್ಥಳ.

ಈ ಅಭಿಮಾನಿಗಳು ಸೇರಿದಾಗ ಆಡುವ ಮಾತು ಹೊರಗಿನವರಿಗೆ ಮೊದಮೊದಲು ವಿಚಿತ್ರವಾಗಿ ತೋರುತ್ತದೆ. ಸ್ವಲ್ಪ ಕಿವಿಗೊಟ್ಟರೆ ನಮ್ಮ ಸಂಗೀತರಸಿಕರ ಮಾತಿನ ಜಾಡೇ ಅದು ಎಂಬುದು ಗೊತ್ತಾಗುತ್ತದೆ. ಇವರಿಗೆ ಯಂತ್ರದ ಶ್ರುತಿಯಿಂದಲೇ ಬಂಡಿಯ ಕುಲಗೋತ್ರಗಳು ತಿಳಿಯುತ್ತವೆ. ಭಾರತಯುದ್ಧದಲ್ಲಿ ರಥವನ್ನು ಅದರ ಧ್ವಜದಿಂದ ಗುರುತಿಸುತ್ತಿದ್ದರಷ್ಟೆ. ಅರ್ಜುನನದು ಕಪಿಧ್ವಜ, ಭೀಷ್ಮನದು ತಾಳಧ್ವಜ. ಹಾಗೆಯೇ ಡಾಡ್ಜ್ ಬಂಡಿಯ ಮೂತಿಯ ಮೇಲೆ ಟಗರು. ಪಾಂಟಿಯಾಕಿನ ಮೇಲೆ ಅಮೆರಿಕಾದ ಮೂಲನಿವಾಸಿಗಳ ನಾಯಕನ ಶಿರಸ್ಸು. ಪ್ಲಿಮತ್ತಿನ ಮೇಲೆ ಹಾಯಿಹಡಗು. ೧೬೨೦ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ಅಮೆರಿಕಾಕ್ಕೆ ವಲಸೆಗಾರರನ್ನು ಒಯ್ದ ‘ಮೇಫ್ಲವರ್’ ಹಡಗಿನ ಗುರುತು ಅದು. ಈ ಲಾಂಛನಗಳಿಂದ ಹಿಡಿದು ತಂತಿ, ತಿರುಪುಗಳವರೆಗೆ ಎಲ್ಲವನ್ನೂ ಅವರು ಒಬ್ಬರಿಗೊಬ್ಬರು ತೋರಿಸುವರು. ಇಲ್ಲದುದನ್ನು ಕೇಳಿ ಪಡೆಯುವರು. ಇರುವುದನ್ನು ಎಷ್ಟೋ ವೇಳೆ ಬೆಲೆಯನ್ನು ಕೇಳದೆ ಕೊಡುವರು.

ಅಂತಹ ನಾಲ್ಕಾರು ಮಂದಿ ಒಂದು ಭಾನುವಾರ ಬೆಂಗಳೂರಿನಿಂದ ತಾಯಲೂರು ಹೋಬಳಿಯ ಒಂದು ಹಳ್ಳಿಗೆ ತಮ್ಮ ಬಂಡಿಗಳಲ್ಲಿಯೇ ಬಂದಿದ್ದರು. ಅವರಲ್ಲಿ ಒಬ್ಬರು ಸ್ವಂತ ಲೇತಿನ ಕಾರ್ಖಾನೆ ಇಟ್ಟಿದ್ದವರು. ಒಬ್ಬರು ರೈಲ್ವೆಯಿಂದ ನಿವೃತ್ತರಾದವರು. ತಂದೆಯ ಷೆವರ್ಲೆಯನ್ನು ತಾನೇ ನಡೆಸಿಕೊಂಡು ಬಂದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿನಿ ಒಬ್ಬಳು. ಬಂದ ಕಾರಣವೆಂದರೆ, ಅಲ್ಲಿಯ ಒಂದು ರೈತರ ಮನೆಯ ಕೊಟ್ಟಿಗೆಯಲ್ಲಿ ೧೯೪೮ರ ಮಾದರಿಯ ಪ್ಲಿಮತ್ ಬಂಡಿಯೊಂದು ಸುಮಾರು ಮೂವತ್ತೈದು ವರ್ಷಗಳಿಂದ ನಿಂತಲ್ಲೇ ನಿಂತಿತ್ತು. ಮನೆಯ ಯಜಮಾನರು ಅದನ್ನು ೧೯೬೧ರಲ್ಲಿ ಬೆಂಗಳೂರಿನಲ್ಲಿ ಹಳೆಯದಾಗಿಯೇ ಕೊಂಡು ತಂದವರು. ಹುಡುಗರಾಗಿದ್ದ ನಾವು ಅದನ್ನು ‘ಹಡಗು’ ಎಂದೇ ಕರೆಯುತ್ತಿದ್ದೆವು. ಕೆರೆಯಲ್ಲಿ ಹರಿಗೋಲನ್ನೂ ಕಾಣದ ಸೀಮೆಯ ಮಕ್ಕಳಿಗೆ ಹಡಗಿನ ಆಕಾರ ತಿಳಿದದ್ದು ಆ ಬಂಡಿಯ ಮೂತಿಯಿಂದಲೇ. ಹಾವು ಕಡಿದವರನ್ನೂ ಹೆರಿಗೆ ಕಷ್ಟವಾದವರನ್ನೂ ಸರಿರಾತ್ರಿಯಲ್ಲಿ ಕೋಲಾರದ ಆಸ್ಪತ್ರೆಗೆ ಸಾಗಿಸಿದ ಬಂಡಿ ಅದು. ಯಜಮಾನರು ಪೆಟ್ರೋಲಿನ ಹಣವನ್ನು ಕೇಳಿ ಪಡೆದದ್ದನ್ನು ಯಾರೂ ಕಂಡಿಲ್ಲ.

ಈಗ ಅವರಿಲ್ಲ. ಇರುವ ಇಬ್ಬರು ಗಂಡುಮಕ್ಕಳಿಗೆ ಕೊಳವೆಬಾವಿಯ ಚಿಂತೆ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಯನ್ನು ದಾಟಿ ಕೊರೆಸಿದರೂ ನೀರು ಬಂದೀತೆಂಬ ಭರವಸೆಯಿಲ್ಲ; ಕೊರೆಸದೆ ಇದ್ದರೆ ತೋಟವಿಲ್ಲ. ಗುಜರಿಯವನು ಬಂದು ಬಂಡಿಯನ್ನು ಸುತ್ತಿ ನೋಡಿ, ಹೆಚ್ಚುಕಡಿಮೆ ಒಂದೂವರೆ ಟನ್ ಕಬ್ಬಿಣವೆಂದು ಲೆಕ್ಕಹಾಕಿ, ತೂಕದ ಮೇಲೆ ಬೆಲೆ ಹೇಳಿ ಹೋಗಿದ್ದನು. ಹಿರಿಯ ಮಗನು ಒಪ್ಪುವ ಮನಸ್ಸಿನಲ್ಲಿದ್ದನು. ಎಂಬತ್ತರ ಹತ್ತಿರದ ಅವನ ತಾಯಿ ಮಾತ್ರ, “ತೂಕ ಹಾಕೋದಾದ್ರೆ ನನ್ನೂ ಹಾಕ್ಬಿಡಪ್ಪ” ಎಂದು ಹೇಳಿ ಒಳಕ್ಕೆ ಹೋಗಿದ್ದರಂತೆ.

ಬಂದ ಅಭಿಮಾನಿಗಳು ಮೊದಲು ಬೆಲೆಯ ಮಾತನ್ನೆತ್ತಲಿಲ್ಲ. “ಇದನ್ನು ಯಾರು ಓಡಿಸ್ತಿದ್ರಮ್ಮಾ?” ಎಂದು ಅಜ್ಜಿಯನ್ನು ಕೇಳಿದರು. ಆ ಒಂದು ಪ್ರಶ್ನೆಯಿಂದ ಆ ಮನೆಯ ಬಾಗಿಲು ಪೂರ್ತಿಯಾಗಿ ತೆರೆಯಿತು. ಅಜ್ಜಿ ಒಂದು ಗಂಟೆಯ ಕಾಲ ಹೇಳಿದರು, ಅವರು ಕೇಳಿದರು.

ಅವರ ಜೊತೆಯಲ್ಲಿ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರು ಬಂದಿದ್ದರು. ಎಲ್ಲರೂ ಅವರನ್ನು ಸಾಬರೆಂದೇ ಕರೆಯುತ್ತಿದ್ದರು. ಅವರು ಹಿಂದಿನ ವಾರವೇ ಒಮ್ಮೆ ಬಂದು, ಯಂತ್ರದ ಆರು ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಎಣ್ಣೆಯನ್ನು ಬಿಟ್ಟು ಹೋಗಿದ್ದರು. ಬಹುಕಾಲ ನಿಂತ ಯಂತ್ರವನ್ನು ಕೂಡಲೇ ತಿರುಗಿಸಹೊರಡುವುದು ತಪ್ಪು. ಒಳಗಿನ ಪಿಸ್ಟನ್ನುಗಳು ತುಕ್ಕು ಹಿಡಿದು ಗೋಡೆಗೆ ಅಂಟಿರುತ್ತವೆ. ಎಣ್ಣೆಯು ಇಳಿದು ಅವುಗಳನ್ನು ಬಿಡಿಸಲು ದಿನಗಳು ಹಿಡಿಯುತ್ತವೆ. ಅಂದು ಸಾಬರು ಯಂತ್ರದ ಮುಂದಿನ ಪುಲ್ಲಿಗೆ ದೊಡ್ಡ ಪಾನಾವನ್ನು ಹಾಕಿ, ಕಿವಿಯನ್ನು ಹತ್ತಿರಕ್ಕಿಟ್ಟು, ಮಗುವಿನ ಕೈಯನ್ನು ಹಿಡಿದು ತಿರುಗಿಸುವಷ್ಟು ಮೆಲ್ಲಗೆ ತಿರುಗಿಸಿದರು. ಮೊದಲು ಅಲುಗಲಿಲ್ಲ. ಹಿಂದಕ್ಕೆ ಒಂದು ಕೂದಲಷ್ಟು, ಮುಂದಕ್ಕೆ ಒಂದು ಕೂದಲಷ್ಟು. ಹೀಗೆ ಅರ್ಧ ಗಂಟೆ. ಆಮೇಲೆ ಒಳಗೆ ಎಲ್ಲಿಯೋ ಏನೋ ಬಿಟ್ಟುಕೊಂಡಂತಾಗಿ ಪಾನಾ ಒಂದು ಸುತ್ತು ಪೂರ್ತಿ ಬಂತು. ನೆರೆದವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯಾದಾಗ ಇರುವಂತಹ ಮೌನವಿತ್ತು. “ಜೀವ ಐತೆ ಅಮ್ಮಾ” ಎಂದರು ಸಾಬರು.

ಜೀವವಿದ್ದರೆ ಸಾಲದು, ಜಾತಕವೂ ಬೇಕು. ಇಲ್ಲಿ ವಾಚಕರಿಗೆ ಉಪಯೋಗಕ್ಕೆ ಬರುವ ಒಂದು ವಿಷಯವನ್ನು ಹೇಳುತ್ತೇನೆ. ಕೇಂದ್ರ ಸರ್ಕಾರವು ೨೦೨೧ರ ಜುಲೈ ತಿಂಗಳಿನಲ್ಲಿ ಮೋಟಾರು ವಾಹನಗಳ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ ೫೦ ವರ್ಷಗಳನ್ನು ಮೀರಿದ, ಮೂಲರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗವನ್ನು ಮಾಡಿದೆ. ಕೆಳಗಟ್ಟು, ಮೇಲಿನ ಕವಚ, ಯಂತ್ರ ಇವುಗಳನ್ನು ಗಣನೀಯವಾಗಿ ಬದಲಾಯಿಸಿರಬಾರದು. ಹೊಸದಾಗಿ ನೋಂದಾಯಿಸಲು ೨೦,೦೦೦ ರೂಪಾಯಿಗಳೂ, ತರುವಾಯ ಪುನಃ ನೋಂದಾಯಿಸಲು ೫,೦೦೦ ರೂಪಾಯಿಗಳೂ ಶುಲ್ಕ. ನೋಂದಣಿಯು ಹತ್ತು ವರ್ಷಗಳಿಗೆ ಸಲ್ಲುತ್ತದೆ. ಆ ಬಂಡಿಯ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಪ್ರದರ್ಶನ, ಮೆರವಣಿಗೆ, ಸಂಶೋಧನೆ, ದುರಸ್ತಿ, ಪೆಟ್ರೋಲು ತುಂಬಿಸುವುದು ಇಂತಹ ಕಾರಣಗಳಿಗೆ ಅದು ರಸ್ತೆಗಿಳಿಯಬಹುದು. ನಿತ್ಯಸಂಚಾರಕ್ಕೂ ಬಾಡಿಗೆಗೂ ಉಪಯೋಗಿಸುವಂತಿಲ್ಲ. ಅರ್ಜಿಯೊಡನೆ ವಿಮೆಯ ಪತ್ರವೂ, ನಮ್ಮ ದೇಶದಲ್ಲಿ ಮುಂಚೆ ನೋಂದಾಯಿಸಿದ್ದ ಬಂಡಿಯಾದರೆ ಅದರ ಹಳೆಯ ನೋಂದಣಿಪತ್ರವೂ ಬೇಕು.

ಆ ಹಳೆಯ ಪತ್ರದಲ್ಲಿಯೇ ಎಲ್ಲವೂ ನಿಂತಿತ್ತು. ಅದಿಲ್ಲದಿದ್ದರೆ ಬಂಡಿಯು ಗುಜರಿಯವನ ಕಬ್ಬಿಣ. ಇದ್ದರೆ ಚರಿತ್ರೆಯ ಒಂದು ತುಣುಕು. ಮಕ್ಕಳಿಬ್ಬರೂ ಬೀರುವನ್ನೆಲ್ಲ ಜಾಲಾಡಿ ಸಾಕಾಗಿದ್ದರು. ಕೊನೆಗೆ ಅಜ್ಜಿ ಎದ್ದು ಹೋಗಿ ತಮ್ಮ ಮದುವೆಯ ಟ್ರಂಕಿನ ತಳದಿಂದ, ಜಮೀನಿನ ಪತ್ರಗಳ ನಡುವಿನಿಂದ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪುಸ್ತಕವನ್ನು ತಂದು, “ಓದಿ ನೋಡಿ ಮೇಷ್ಟ್ರೇ, ಇದೇ ಏನೋ” ಎಂದು ನನ್ನ ಕೈಗಿತ್ತರು. ಶಾಯಿ ಮಾಸಿತ್ತು, ಯಂತ್ರದ ಸಂಖ್ಯೆಯು ಮಾತ್ರ ಓದಲು ಬರುವಂತಿತ್ತು. ಸಾಬರು ಸೀಮೆಎಣ್ಣೆಯ ಬಟ್ಟೆಯಿಂದ ಯಂತ್ರದ ಮಗ್ಗುಲನ್ನು ಉಜ್ಜಿದರು. ನಾನು ಒಂದೊಂದೇ ಅಂಕಿಯನ್ನು ಓದುತ್ತ ಹೋದೆ. ಆ ವಿದ್ಯಾರ್ಥಿನಿ ದೀಪ ಹಿಡಿದು ಲೋಹದ ಮೇಲಿನ ಅಂಕಿಯನ್ನು ಓದುತ್ತ ಬಂದಳು. ಕೊನೆಯ ಅಂಕಿಯವರೆಗೂ ಒಂದೇ! ಇದು ಸಾಮಾನ್ಯವಾದ ಮಾತಲ್ಲ. ಇಂತಹ ಬಂಡಿಗಳು ಬಾಡಿಗೆಗೆ ಓಡುತ್ತಿದ್ದ ಕಾಲದಲ್ಲಿ ಪೆಟ್ರೋಲಿನ ಖರ್ಚನ್ನು ತಾಳಲಾರದೆ ಎಷ್ಟೋ ಜನರು ಮೂಲಯಂತ್ರವನ್ನು ಕಿತ್ತು ಡೀಸೆಲ್ ಯಂತ್ರವನ್ನು ಕೂರಿಸಿಬಿಟ್ಟಿದ್ದರು. ಲೀಟರಿಗೆ ಐದಾರು ಕಿಲೋಮೀಟರು ಮಾತ್ರ ಓಡುವ ಬಂಡಿಯನ್ನು ಹಾಗೆಯೇ ಇಟ್ಟುಕೊಂಡದ್ದು ಆ ಯಜಮಾನರ ಛಲವೇ ಸರಿ.

ಕೊಳ್ಳಲು ಸಿದ್ಧರಾಗಿದ್ದವರೂ ಆ ಗುಂಪಿನಲ್ಲಿದ್ದರು. ಆದರೂ ಲೇತಿನ ಕಾರ್ಖಾನೆಯವರು ಹಿರಿಯ ಮಗನನ್ನು ಕರೆದು, “ಅಣ್ಣಾ, ಇವತ್ತೇ ಮಾರಬೇಡಿ. ಮೊದಲು ಕಾಗದ ಸರಿಮಾಡಿಸಿ. ಆಮೇಲೆ ಮಾರಿದರೂ ನಿಮ್ಮಿಷ್ಟ, ಇಟ್ಟುಕೊಂಡರೂ ನಿಮ್ಮಿಷ್ಟ. ಇವತ್ತು ಮಾರಿದರೆ ನಮಗೆ ಲಾಭ, ನಿಮಗೆ ನಷ್ಟ” ಎಂದು ಸ್ಪಷ್ಟವಾಗಿ ಹೇಳಿದರು. ತಾನು ಬಯಸಿದ ವಸ್ತುವಿನ ಎದುರಿಗೆ ನಿಂತು ಇಂತಹ ಮಾತನ್ನು ಆಡುವುದು ಸುಲಭವಲ್ಲ. ಅಭಿಮಾನಕ್ಕೂ ಆಸೆಗೂ ಇರುವ ಅಂತರವು ನನಗೆ ಅಂದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೊಳವೆಬಾವಿಯನ್ನು ಕೊರೆಸುವುದು ಮುಂದಿನ ಬೇಸಗೆಗೆ ಹೋಯಿತು. ಐಟಿಐ ಓದಿದ ಮೊಮ್ಮಗನೊಬ್ಬನು ಈಗ ಭಾನುವಾರಗಳಲ್ಲಿ ಸಾಬರ ಬಳಿಗೆ ಹೋಗಿ ಕೆಲಸ ಕಲಿಯುತ್ತಿದ್ದಾನೆ. ಬಂಡಿಯನ್ನು ಮಾರುವರೋ ಇಟ್ಟುಕೊಳ್ಳುವರೋ ಇನ್ನೂ ತೀರ್ಮಾನವಾಗಿಲ್ಲ. ಗುಜರಿಗೆ ಹಾಕುವುದಿಲ್ಲವೆಂಬುದು ಮಾತ್ರ ತೀರ್ಮಾನವಾಗಿದೆ.

ಇದೆಲ್ಲ ಹಣವಂತರ ಆಟ, ಬಡಸೀಮೆಯಲ್ಲಿ ಇದರ ಪ್ರಶಂಸೆ ಏಕೆ ಎಂದು ಆಕ್ಷೇಪಿಸುವವರು ಇರಬಹುದು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮೆರೆಯುವುದಕ್ಕೆಂದೇ ಬಂಡಿಗಳನ್ನು ಕೂಡಿಹಾಕುವವರು ಉಂಟು. ಅವರಿಗೆ ಹಳೆಯ ಮೋಟಾರೂ ಒಂದೇ, ಹೊಸ ಬಂಗಲೆಯೂ ಒಂದೇ. ಆದರೆ ಇನ್ನೊಂದು ಮಾತನ್ನೂ ಯೋಚಿಸಬೇಕು. ಕುರುಕ್ಷೇತ್ರದ ಯುದ್ಧವು ಮುಗಿದ ದಿವಸ, ಶ್ರೀಕೃಷ್ಣನು ಅರ್ಜುನನನ್ನು ಮೊದಲು ಇಳಿಯಹೇಳಿ, ಆಮೇಲೆ ತಾನು ಇಳಿದನು. ಅವನು ಇಳಿದ ಕ್ಷಣವೇ ರಥವು ಉರಿದು ಬೂದಿಯಾಯಿತೆಂದು ಮಹಾಭಾರತವು ಹೇಳುತ್ತದೆ. ಎಷ್ಟೋ ಅಸ್ತ್ರಗಳಿಂದ ಎಂದೋ ಸುಟ್ಟಿದ್ದ ರಥವು ಸಾರಥಿಯು ಕುಳಿತಿದ್ದಾನೆಂಬ ಒಂದೇ ಕಾರಣದಿಂದ ನಿಂತಿತ್ತು. ಯಂತ್ರಗಳ ಗತಿಯೂ ಹೀಗೆಯೇ. ಬಲ್ಲವನೊಬ್ಬನು ಇರುವವರೆಗೆ ಅವು ಬಾಳುತ್ತವೆ. ಅವನು ಇಳಿದರೆ ಅವು ಕಬ್ಬಿಣ. ಎಪ್ಪತ್ತೈದು ವರ್ಷದ ಪ್ಲಿಮತ್ತಿಗಿಂತ ಅಪೂರ್ವವಾದದ್ದು ಅದರ ನಾಡಿಯನ್ನು ಹಿಡಿದು ನೋಡಬಲ್ಲ ಸಾಬರ ಕೈ. ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲಿ, ಜೆ.ಸಿ. ರಸ್ತೆಯ ಅಂಗಡಿಗಳ ಹಿಂದಿನ ಓಣಿಗಳಲ್ಲಿ, ಕೋಲಾರ ಚಿಂತಾಮಣಿಗಳ ಹಳೆಯ ಗರಾಜುಗಳಲ್ಲಿ ಇಂತಹ ಕೈಗಳು ಇನ್ನೂ ಕೆಲವಿರಬಹುದು. ಅವರು ಪುಸ್ತಕವನ್ನು ಬರೆದವರಲ್ಲ. ಅವರ ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದು. ಶಿಷ್ಯನಿಲ್ಲದಿದ್ದರೆ ಅವರೊಡನೆಯೇ ಹೋಗತಕ್ಕದ್ದು. ವೇದಪಾಠದ ಶಾಖೆಗಳು ಹೇಗೆ ಲುಪ್ತವಾದವೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಳೆಯ ಬಂಡಿಗಳ ಅಭಿಮಾನಿಗಳು ಮಾಡುವ ಲೋಕೋಪಕಾರ ಯಾವುದೆಂದರೆ, ಆ ಕೈಗಳಿಗೆ ಕೆಲಸವನ್ನೂ ಅನ್ನವನ್ನೂ ಮರ್ಯಾದೆಯನ್ನೂ ಕೊಡುತ್ತಿರುವುದು.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ಕೆಲವು ಮಾತುಗಳನ್ನು ವಿಜ್ಞಾಪಿಸುತ್ತೇನೆ. ನಿಮ್ಮ ಮನೆಯಲ್ಲಾಗಲಿ ಬಂಧುಗಳ ಮನೆಯಲ್ಲಾಗಲಿ ಹಳೆಯ ಮೋಟಾರು ನಿಂತಿದ್ದರೆ, ಬಂಡಿಯನ್ನು ಮುಟ್ಟುವುದಕ್ಕೆ ಮುಂಚೆ ಪತ್ರಗಳನ್ನು ಹುಡುಕಿರಿ. ಹೊಳಪಿನ ಆಸೆಗೆ ಹೊಸ ಬಣ್ಣವನ್ನು ಬಳಿಯಿಸಬೇಡಿರಿ. ೧೯೩೦ರ ದಶಕದ ನಡುಗಾಲಕ್ಕೆ ಹಿಂದಿನ ಷೆವರ್ಲೆ ಮೊದಲಾದ ಬಂಡಿಗಳಲ್ಲಿ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಹೊರಗೆ ಚೆನ್ನಾಗಿದ್ದರೂ ಒಳಗೆ ಗೆದ್ದಲು ಹಿಡಿದಿರಬಹುದಾದ್ದರಿಂದ ಮಣ್ಣಿನ ನೆಲದ ಮೇಲೆ ನಿಲ್ಲಿಸಬೇಡಿರಿ. ತೊಟ್ಟಿಯಲ್ಲಿ ಉಳಿದ ಹಳೆಯ ಪೆಟ್ರೋಲನ್ನು ಬಸಿದುಬಿಡಿರಿ. ಈಗ ನಮ್ಮ ದೇಶದಲ್ಲಿ ಮಾರುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲ್ ಸೇರಿರುತ್ತದೆ. ಹಿಂದಿನ ಕಾಲದ ರಬ್ಬರ್ ಕೊಳವೆಗಳೂ ಬಿರಡೆಯ ವಾಷರುಗಳೂ ಅದನ್ನು ತಾಳಲಾರವು. ಅವುಗಳನ್ನು ಬದಲಾಯಿಸದೆ ಓಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಆ ಬಂಡಿಯ ಕಥೆಯನ್ನು ಬಲ್ಲ ಹಿರಿಯರಿದ್ದರೆ ಅವರು ಹೇಳುವುದನ್ನು ಇಂದೇ ಬರೆದಿಟ್ಟುಕೊಳ್ಳಿರಿ. ಯಂತ್ರದ ಭಾಗಗಳನ್ನು ಕಡೆದು ಮಾಡಬಹುದು. ಆ ಕಥೆಯನ್ನು ಕಡೆಯುವ ಲೇತು ಎಲ್ಲಿಯೂ ಇಲ್ಲ.

ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಸಾಗುವ ಹೊಸ ವೇಗಮಾರ್ಗವು ೨೦೨೪ರ ಕೊನೆಯ ಹೊತ್ತಿಗೆ ಸಂಚಾರಕ್ಕೆ ಒದಗಿತು. ಅದರ ಮೇಲೆ ಹೋಗುವವರಿಗೆ ಬೇಗನೆ ಊರು ಸಿಕ್ಕುವುದು ನಿಜ. ಆದರೆ ದಾರಿಯಲ್ಲಿ ಯಾವ ಊರೂ ಸಿಕ್ಕುವುದಿಲ್ಲ. ಬಿಡುವಿದ್ದವರು ಹಳೆಯ ದಾರಿಯನ್ನೇ ಹಿಡಿದು ಬರಲಿ. ನರಸಿಂಹತೀರ್ಥದಲ್ಲಿ ಕೈಮುಗಿದು, ಮುಳಬಾಗಿಲಿನಲ್ಲಿ ಬಿಸಿಯಾದ ದೋಸೆಯನ್ನು ತಿಂದು, ಆವಣಿಯ ಬೆಟ್ಟವನ್ನು ದೂರದಿಂದಲಾದರೂ ನೋಡಲಿ. ಶ್ರೀರಾಮನ ಅಶ್ವಮೇಧದ ಕುದುರೆಯನ್ನು ಲವಕುಶರು ಕಟ್ಟಿಹಾಕಿದ್ದು ಅಲ್ಲಿಯೇ ಎಂದು ನಮ್ಮ ಜನರ ನಂಬಿಕೆ. ಆಮೇಲೆ ತಾಯಲೂರಿನ ಕಡೆಗೆ ತಿರುಗಲಿ. ಹುಣಿಸೆಯ ನೆರಳಿನ ಆ ದಾರಿಯಲ್ಲಿ ಎದುರಿನಿಂದ ಯಾವುದಾದರೂ ಹಳೆಯ ಬಂಡಿಯು ಗಂಭೀರವಾದ ನಾದದಿಂದ ಬರುತ್ತಿರುವುದು ಕಂಡರೆ, ದಯವಿಟ್ಟು ಹಾರನ್ನು ಹೊಡೆದು ಅವಸರಪಡಿಸದೆ, ಸ್ವಲ್ಪ ಪಕ್ಕಕ್ಕೆ ಸರಿದು ಹಿರಿಯರಿಗೆ ಕೊಡುವ ದಾರಿಯನ್ನು ಅದಕ್ಕೂ ಕೊಡಲಿ.